ಅಕ್ಕನ ಕಿಂಡಿ

ಜನ ತುಂಬಿದ ಮನೆಯಂಗಳದಲ್ಲಿ ನಿಂತು ನೋಂದಣಿ ಅಧಿಕಾರಿ ಮೂರನೇ ಸಲ ಗುಂಡಿ ಒತ್ತಿದರು. ಕೈಯಲ್ಲಿದ್ದ ಟ್ಯಾಬ್ ಮೂರನೇ ಸಲವೂ ಅದನ್ನೇ ಹೇಳಿತು: ‘ಈ ವ್ಯಕ್ತಿ ಈಗಾಗಲೇ ಮೃತರು. ಮತ್ತೆ ನೋಂದಾಯಿಸಲಾಗದು.’

“ಹೀಗಂದ್ರೇನು ಸಾರ್? ಅಮ್ಮ ಹೋಗಿದ್ದು ಇವತ್ತು ಬೆಳಗಿನ ಜಾವ,” ಎಂದಳು ಮಗಳು.

ಹೊರಗೆ ಶವವಾಹನ ಕಾಯುತ್ತಿತ್ತು. ನೋಂದಣಿ ಸಂಖ್ಯೆ ಇಲ್ಲದೆ ಸ್ಮಶಾನದವರು ಗೇಟು ತೆಗೆಯುವುದಿಲ್ಲ. ಹನ್ನೆರಡು ದಾಟಿದರೆ ಸಂಖ್ಯೆ ಇದ್ದರೂ ತೆಗೆಯುವುದಿಲ್ಲ, ನಾಳೆ ನಾಡಿದ್ದು ರಜೆ ಬೇರೆ. ಗಂಟೆ ಆಗಲೇ ಹನ್ನೊಂದಾಗಿತ್ತು.

ಒಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದವರು ಜನನ-ಮರಣ ಕಚೇರಿಯ ಮೂರನೇ ಕೌಂಟರಿನ ಅಕ್ಕ. ಕಂಪ್ಯೂಟರ್ ಪರದೆಯನ್ನು ಸದಾ ಜನರ ಕಡೆಗೇ ತಿರುಗಿಸಿ, “ನೋಡ್ಕೊಳ್ಳಿ, ಸರಿ ಇದೆಯಾ?” ಎಂದು ಕೇಳಿ ಕೇಳಿ ಊರಿನ ಅರ್ಧದಷ್ಟು ಸಾವು ಬರೆದವರು. ತಮ್ಮದು ಬರೆಸಲು ಇಷ್ಟು ಪಾಡು ಎಂದು ಗೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಅಧಿಕಾರಿ ಹಳೆಯ ದಾಖಲೆ ತೆರೆದರು. ದಿನಾಂಕ ಹನ್ನೊಂದು ವರ್ಷದ ಹಿಂದಿನದು. ಸಾವಿನ ಕಾರಣ: ‘ಪರೀಕ್ಷೆ’. ಅವರು ಹಣೆ ಚಚ್ಚಿಕೊಂಡರು.

* * *

ಕಚೇರಿಗೆ ಕಂಪ್ಯೂಟರ್ ಬಂದ ದಿನ ಅದನ್ನು ಪರೀಕ್ಷಿಸಲು ಒಬ್ಬರು ಸಾಯಬೇಕಿತ್ತು. ಯಾರ ಹೆಸರು ಹಾಕೋಣ ಎಂದು ಕೇಳಿದ್ದೇ ತಡ, ಎಲ್ಲ ಗುಮಾಸ್ತರಿಗೂ ಒಟ್ಟಿಗೇ ಬಾಯಾರಿಕೆಯಾಯಿತು. ಕುರ್ಚಿ ಬಿಟ್ಟು ಏಳದವರು ಅಕ್ಕ ಒಬ್ಬರೇ.

“ನನ್ನ ಹೆಸರೇ ಹಾಕಪ್ಪ. ಬರೆದ ಮಾತ್ರಕ್ಕೆ ಸಾಯೋ ಹಾಗಿದ್ರೆ ನಾವೆಲ್ಲ ಕೊಲೆಗಾರರೇ.”

“ಸಂಜೆ ಅಳಿಸಿಬಿಡ್ತೀನಿ ಅಕ್ಕ,” ಎಂದಿದ್ದ ಕಂಪ್ಯೂಟರ್ ಕೂಡಿಸಲು ಬಂದಿದ್ದ ತಂತ್ರಜ್ಞ. ಇಂದಿನ ಅಧಿಕಾರಿ ಅವರೇ. ಸಂಜೆ ಮರೆತರು. ಸಂಬಳದ ಕಂಪ್ಯೂಟರಿಗೂ ಮರಣದ ಕಂಪ್ಯೂಟರಿಗೂ ಮಾತುಕತೆ ಇರಲಿಲ್ಲವಾದ್ದರಿಂದ ಅಕ್ಕನಿಗೂ ಏನೂ ಗೊತ್ತಾಗಲಿಲ್ಲ.

ಮರಣದ ಪಟ್ಟಿ ನೋಡುತ್ತಿದ್ದವರು ಪಿಂಚಣಿಯವರು ಮಾತ್ರ. ಹೀಗಾಗಿ ಕೆಲವೇ ತಿಂಗಳಲ್ಲಿ ನಿವೃತ್ತ ಬಸ್ ಚಾಲಕರೊಬ್ಬರು ಮೂರನೇ ಕೌಂಟರಿಗೆ ಬಂದು ನಿಂತರು. “ನಾನು ಸತ್ತಿದ್ದೀನಂತೆ ತಾಯಿ. ಪಿಂಚಣಿ ನಿಂತೋಯ್ತು.” ಅದೇ ಹೆಸರಿನ ಇನ್ನಾರದೋ ಸಾವು ಅವರ ತಲೆಗೆ ಬಂದಿತ್ತು.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ಅಕ್ಕ. ಸಿಸ್ಟಮ್ ತಪ್ಪು ಮಾಡಲ್ಲ,” ಎಂದ ಅಷ್ಟರಲ್ಲಿ ಕಚೇರಿಯಲ್ಲೇ ಕೆಲಸಕ್ಕೆ ಸೇರಿದ್ದ ತಂತ್ರಜ್ಞ.

“ಪ್ರಮಾಣಿಸೋರು ಯಾರು, ನಾವೇ ತಾನೆ? ಬದುಕಿರೋದನ್ನ ಇಬ್ಬರು ಕಣ್ಣಾರೆ ಕಂಡೆವು ಅಂತ ಬರೆದ್ರೆ ಅದು ತಿದ್ದಿಕೊಳ್ಳಬೇಕು.”

ಎಂಟು ತಿಂಗಳು ಅಕ್ಕ ಮೇಲಿನ ಕಚೇರಿಗೆ ಬರೆದರು. ಕಂಪ್ಯೂಟರಿಗೆ ಬುದ್ಧಿ ಹೇಳಲು ಹೊರಟಿದ್ದಾರೆಂದು ಜನ ಆಡಿಕೊಂಡರು. ಕೊನೆಗೆ ಕಂಪ್ಯೂಟರಿನಲ್ಲಿ ಇಬ್ಬರು ಸಾಕ್ಷಿಗಳ ಹೆಸರು ಬರೆಯುವ ಒಂದು ಪುಟ ಬಂತು. ಕಚೇರಿಯವರು ಅದನ್ನು ‘ಅಕ್ಕನ ಕಿಂಡಿ’ ಎನ್ನತೊಡಗಿದರು.

* * *

“ತಪ್ಪು ನಂದಮ್ಮ,” ಎಂದರು ಅಧಿಕಾರಿ ಮಗಳಿಗೆ. “ಅಳಿಸ್ತೀನಿ ಅಂದಿದ್ದೆ. ಮರೆತುಬಿಟ್ಟೆ.”

“ಹನ್ನೊಂದು ವರ್ಷ ಸತ್ತೇ ಕೆಲಸ ಮಾಡಿದ್ರಾ ನಮ್ಮಮ್ಮ?” ಮಗಳು ಅಳುತ್ತಲೇ ನಕ್ಕಳು. “ಒಂದು ದಿನಾನೂ ರಜೆ ಹಾಕ್ಲಿಲ್ವಲ್ಲ ಸಾರ್!”

ಅವರು ಅಕ್ಕನ ಕಿಂಡಿ ತೆರೆದರು. ‘ದಾಖಲಾದ ಮರಣದ ನಂತರ ಈ ವ್ಯಕ್ತಿಯನ್ನು ಜೀವಂತವಾಗಿ ಕಂಡ ಇಬ್ಬರು.’ ಒಂದು ಸಾಲಿನಲ್ಲಿ ತಮ್ಮ ಹೆಸರು ಬರೆದು ತಲೆ ಎತ್ತಿದರು. “ಇನ್ನೊಬ್ಬರು ಬೇಕು. ಯಾರು ಕಂಡಿದ್ದೀರಿ?”

ಅಂಗಳಕ್ಕೆ ಅಂಗಳವೇ ಬಾಯಿಬಿಟ್ಟಿತು.

“ನಿನ್ನೆ ನನ್ನ ಮೊಮ್ಮಗಳ ಹೆಸರು ತಿದ್ದಿಕೊಟ್ರು!”

“ಅರ್ಜಿ ಮಡಚಿದ್ದಕ್ಕೆ ನಿನ್ನೆ ತಾನೇ ನನ್ನ ಬೈದ್ರು!”

ಕೋಲೂರಿಕೊಂಡು ಬಂದ ಮುದುಕರೊಬ್ಬರು ಎಲ್ಲರನ್ನೂ ಸರಿಸಿ ಮುಂದೆ ನಿಂತರು. ಅದೇ ಬಸ್ ಚಾಲಕರು.

“ಸುಮ್ನಿರ್ರಪ್ಪ ಎಲ್ಲರೂ. ನನ್ನ ಬದುಕಿಸಿದ ತಾಯಿ ಅದು. ನನ್ನ ಹೆಸರು ಬರ್ಕೊಳ್ಳಿ.”

ಅಧಿಕಾರಿ ಬರೆದು ಗುಂಡಿ ಒತ್ತಿದರು. ಟ್ಯಾಬ್ ಒಂದು ಕ್ಷಣ ಯೋಚಿಸಿತು. ‘ತಿದ್ದುಪಡಿ ಆಗಿದೆ. ಸ್ಥಿತಿ: ಜೀವಂತ.’ ಅದರ ಕೆಳಗೇ ಇನ್ನೊಂದು ಗುಂಡಿ ಬಂತು: ‘ಹೊಸ ಮರಣ ನೋಂದಣಿ.’

ಬೆರಳು ಅದರತ್ತ ಹೋಗಿ ಹಿಂದೆ ಬಂತು. ಅವರು ಪರದೆಯನ್ನು ಮಗಳ ಕಡೆಗೆ ತಿರುಗಿಸಿ ಹಿಡಿದರು.

“ನೋಡ್ಕೊಳ್ಳಮ್ಮ. ಸರಿ ಇದೆಯಾ?”

ಮಗಳು ಅಮ್ಮನ ಹೆಸರನ್ನೂ ಅದರ ಮುಂದಿನ ಪದವನ್ನೂ ಓದಿದಳು. “ಸರಿ ಇದೆ ಸಾರ್,” ಎಂದಳು. “ಒಂದೇ ಒಂದ್ ನಿಮಿಷ ಇರ್ಲಿ.”

ಗಂಟೆ ಹನ್ನೊಂದೂವರೆ. ಶವವಾಹನದ ಚಾಲಕ ಅಂಗಳದ ಬಾಗಿಲಿಗೆ ಬಂದು ಇಣುಕಿದ. ಯಾರೂ ಮುಟ್ಟದೆ ಬಿಟ್ಟ ಪರದೆ ಮಂಕಾಗತೊಡಗಿತು. ಮಗಳು ಅದನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದಳು. ಅದು ಮತ್ತೆ ಬೆಳಗಿತು.