ಖುಷ್ಕಿ ಅಂತ ಬರೆಸಿದವನು

ಫ್ಯಾನು ಸುತ್ತಿಗೊಮ್ಮೆ ಕಿರ್ ಅನ್ನುತ್ತದೆ, ಸುಮ್ಮನಾಗುತ್ತದೆ, ಮತ್ತೆ ಕಿರ್ — ಗಾಳಿ ಮಾತ್ರ ಸಾಹೇಬರ ಮೇಜಿನ ಕಡೆಗೇ, ಬೆಂಚಿನ ತುದಿಯಲ್ಲಿ ಕೂತ ದುರುಗಣ್ಣನಿಗೆ ಸದ್ದಷ್ಟೇ, ಮೊದಲ ಬಸ್ಸಿಗೆ ಸಿರುಗುಪ್ಪ ಬಿಟ್ಟವನು, ಬಳ್ಳಾರಿಯ ಈ ಭೂಸ್ವಾಧೀನದ ಆಫೀಸಿಗೆ ಇದು ನಾಲ್ಕನೆಯ ಸಲ, ಸೊಂಟ ಬಸ್ಸಿನಲ್ಲೇ ಉಳಿದುಹೋದ ಹಾಗಿದೆ, ಕರೆದರೆ ಏಳಲು ಆಗುತ್ತದೋ ಇಲ್ಲವೋ, ಕುರುಗೋಡಿನ ಕಡೆಯಿಂದ ಆಳೆತ್ತರದ ಹತ್ತು ಪಟ್ಟು ಕಬ್ಬಿಣದ ಕಂಬಗಳು ಬಂದು ನಿಂತಿವೆ, ಅವು ಹೊತ್ತು ತರುವ ಕರೆಂಟು ಇಳಿಯಲು ಸಿರುಗುಪ್ಪದ ಹತ್ತಿರ ಸಬ್‌ಸ್ಟೇಷನ್ ಬೇಕು, ಸಬ್‌ಸ್ಟೇಷನ್ನಿಗೆ ನಾಲ್ಕು ಎಕರೆ ಬೇಕು, ಆ ನಾಲ್ಕೂ ತನ್ನವು, ಯಾಕ್ರಿ ನಂದ ಅಂತ ಕೇಳಿದ್ದಕ್ಕೆ ಗುಮಾಸ್ತ ಕಾಗದದಿಂದ ತಲೆ ಎತ್ತದೆ ಹೇಳಿದ್ದ, ರೂಲ್ಸ್ ಐತಪ, ನೀರಾವರಿ ಭೂಮಿ ಮುಟ್ಟಂಗಿಲ್ಲ, ಹತ್ರದಾಗ ಖುಷ್ಕಿ ಇದ್ರ ಅದನ್ನ ತಗಾಬೇಕು, ಸುತ್ತ ಎಲ್ಲಾರದು ನೀರಾವರಿ, ನಿಂದೊಂದ ಖುಷ್ಕಿ, ಮಳಿ ನಂಬಿದ ಹೊಲ. ಒಳ್ಳೆಯ ರೂಲ್ಸೇ, ನೆಲ್ಲಿನ ಗದ್ದೆಯಲ್ಲಿ ಕಂಬ ನೆಡಬಾರದು ಅಂತ ಯಾರೋ ಪುಣ್ಯಾತ್ಮ ಬರೆದಿದ್ದಾನೆ, ಅವನನ್ನು ಬೈಯಲು ಬಾಯಿ ಬರುವುದಿಲ್ಲ, ಬೈಯಬೇಕಾದದ್ದು ಇನ್ನೊಬ್ಬನನ್ನು, ಕಾಲುವೆ ಅಗೆಯುವ ಕಾಲದಲ್ಲಿ ಚಾವಡಿಯ ಕಟ್ಟೆಯ ಮುಂದೆ ಮೀಸೆ ತೀಡುತ್ತ ನಿಂತವನನ್ನು, ನಕ್ಷೆ ಹರವಿಕೊಂಡ ಅಧಿಕಾರಿ ಒಬ್ಬೊಬ್ಬರನ್ನೇ ಕೇಳುತ್ತ ಬಂದಿದ್ದ, ನಿನ್ನ ಹೊಲಕ್ಕೆ ನೀರು ಬೇಕೇನಪ್ಪ, ಉಳಿದವರು ಅಳುಕುತ್ತ ಹೂಂ ಅಂದರು, ಇವನು ಮಾತ್ರ, ಎರಿ ನೆಲ ಸಾಹೇಬ್ರ, ನೀರು ನಿಂತ್ರ ಸವುಳಾಗ್ತೈತಿ, ನಮ್ಮ ಜ್ವಾಳ ನಮಗಿರಲಿ, ಖುಷ್ಕಿ ಅಂತ ಬರ್ಕಳ್ರಿ, ಹಿರಿಯರು ತಲೆದೂಗಿದ್ದರು, ಅವನು ತಾನೇ, ಆ ಸಂಜೆ ಮನೆಗೆ ಎದೆ ಉಬ್ಬಿಸಿಕೊಂಡು ಬಂದದ್ದು ನೆನಪಿದೆ, ಹೆಂಡತಿ ಅಂಬಮ್ಮ ಆಗ ಮನೆಗೆ ಹೊಸ ಸೊಸೆ, ರೊಟ್ಟಿ ಬಡಿಯುತ್ತಿದ್ದಳು.

ಬರೆದದ್ದು ಬರೆದ ಹಾಗೇ ಉಳಿಯಿತು, ನೆಲ ಉಳಿಯಲಿಲ್ಲ, ಆಂಧ್ರದ ಕಡೆಯವರು ಬಂದು ನಾಟಿ ಕಲಿಸಿದರು, ಮೂರು ಕಡೆಯೂ ಗದ್ದೆಯಾಯಿತು, ಮೂರು ಕಡೆಯ ಬಸಿ ನೀರು ತನ್ನ ಹೊಲಕ್ಕೆ ನುಗ್ಗಿ ಜೋಳದ ಬೇರು ಕೊಳೆಯಿತು, ಕೊನೆಗೆ ತಾನೂ ನೆಲ್ಲು ಹಚ್ಚಿದ್ದು, ಬಸಿ ನೀರು ಜೋಳ ಕೊಳೆಸಲು ಸಾಕು, ನೆಲ್ಲು ಬೆಳೆಯಲು ಸಾಲದು, ಸಸಿ ಹಳದಿ ತಿರುಗಿದ ದಿನ ಬದುವಿನ ಮೇಲೆ ಕೂತಿದ್ದಾಗ ಕಾಲುವೆಯ ತೂಬು ಕಾಯುವ ಗಾಳೆಪ್ಪ ಬಂದ, ಏನಪ ದುರುಗಣ್ಣ, ಹೆಣ ಕಾಯ್ದಂಗ ಕಾಯಾಕ ಹತ್ತಿದಿ, ಅಂದ, ಸೊಂಟಕ್ಕೆ ಪಂಚೆ ಸಿಕ್ಕಿಸಿ ತೂಬಿನ ಹಲಗೆ ಒಂದು ಗೇಣು ಎತ್ತಿದ, ಅಷ್ಟೇ, ಅವತ್ತಿನಿಂದ ಹದಿನೈದು ವರ್ಷ, ಪ್ರತಿಯಾಗಿ ಒಂದು ಚೊಂಬು ಮಜ್ಜಿಗೆ ಬಿಟ್ಟರೆ ಏನನ್ನೂ ಮುಟ್ಟಿದವನಲ್ಲ, ಇನ್ನೊಂದು ವರ್ಷಕ್ಕೆ ಅವನ ನೌಕರಿ ಮುಗಿದು ಪಿಂಚಣಿ ಬರುತ್ತದೆ, ಖುಷ್ಕಿಗೆ ನೀರು ಬಿಟ್ಟದ್ದು ಗೊತ್ತಾದರೆ ಎರಡೂ ಇಲ್ಲ, ಹೋದ ವಾರ ಸರ್ವೆಯವನು ನಾಟಿಗೆ ಹದವಾದ ಗದ್ದೆ ನೋಡಿ ಪಿಸುಗುಟ್ಟಿದ್ದ, ನೀರು ಕೊಟ್ಟೋರ ಹೆಸರು ಹೇಳು ಯಜಮಾನ, ನೀರಾವರಿ ಅಂತ ಬರೀತಾರ, ಹೊಲ ಉಳೀತೈತಿ, ಕೊಟ್ಟೋನ ನೌಕರಿ ಅವನು ನೋಡಿಕೆಂತಾನ. ಅಂಬಮ್ಮ ಬೆಳಿಗ್ಗೆ ಬುತ್ತಿ ಕಟ್ಟುತ್ತ ಹೇಳಿದಳು, ನಿನ್ನ ಬಾಯಿಂದನ ಹೋಗೈತಿ, ನಿನ್ನ ಬಾಯಿಂದನ ತಗಂಡು ಬಾ. ಗಾಳೆಪ್ಪ ಬಸ್ ಸ್ಟ್ಯಾಂಡಿನ ತನಕ ಬಂದಿದ್ದ, ಏನೂ ಕೇಳಲಿಲ್ಲ, ಬೀಡಿ ಕೊಟ್ಟ, ಕಿಟಕಿ ಕಡಿ ಕುಂದ್ರು, ಗಾಳಿ ಬರ್ತೈತಿ, ಅಂದ, ಕೇಳಿದ್ದರೆ ಹಗುರಾಗುತ್ತಿತ್ತು.

ದುರುಗಣ್ಣ ಯಾರ್ರೀ, ಅಂತ ಜವಾನ ಕೂಗಿದ, ಸೊಂಟ ಎದ್ದಿತು ಹೇಗೋ, ಸಾಹೇಬರು ಮಗನ ವಯಸ್ಸಿನವರು, ಕೂತ್ಕೊಳ್ಳಿ ಅಂದರು, ನೀವು ಹದಿನೈದು ವರ್ಷದಿಂದ ನೆಲ್ಲು ಬೆಳೀತೀರಿ ಅಂತ ಸರ್ವೆಯವರು ಬರ್ದಿದಾರೆ, ಕಾಗದ ಖುಷ್ಕಿ ಅನ್ನುತ್ತೆ, ನೀರು ಯಾರು ಬಿಟ್ಟರು, ಹೆಸರು ಹೇಳಿದರೆ ವಿಚಾರಣೆಗೆ ಕರೆಸ್ತೀನಿ, ನಿಮ್ಮ ಹೊಲ ಬಿಟ್ಟು ಬೇರೆ ನೋಡ್ತೀವಿ. ಗಾ ಅನ್ನುವ ಅಕ್ಷರ ನಾಲಿಗೆಯ ತನಕ ಬಂದು ಕೂತಿತು, ಒಂದೇ ಹೆಸರು, ಎಷ್ಟು ಸಣ್ಣದು, ಅಂಬಮ್ಮನ ಬುತ್ತಿ ತೊಡೆಯ ಮೇಲೆ ಬೆಚ್ಚಗಿದೆ — ಬಸಿ ನೀರ್ರಿ, ಅಂದುಬಿಟ್ಟ. ಗುಮಾಸ್ತ ನಕ್ಕ, ಬಸಿ ನೀರಾಗ ಹದಿನೈದು ವರ್ಷ ನೆಲ್ಲು, ಭಾಳ ಪುಣ್ಯವಂತ ಅದಿಯಪ. ಸಾಹೇಬರು ನಗಲಿಲ್ಲ, ಬಸಿ ನೀರು ನೀರಾವರಿ ಆಗಲ್ಲ ಯಜಮಾನ್ರೆ, ಗೊತ್ತಲ್ಲ, ಅಂದರು, ಗೊತ್ತೈತ್ರಿ ಅಂದ, ಹೆಬ್ಬೆಟ್ಟಿಗೆ ಮಸಿ, ನಾಳೆ ನಮ್ಮವರು ಬಂದು ಗಡಿ ಕಲ್ಲು ನೆಡ್ತಾರೆ, ಅಂದರು ಸಾಹೇಬರು.

ಹೊರಗೆ ಬಿಸಿಲು ಹಾಗೇ ಇದೆ, ಮೂರು ಗಂಟೆಗೆ ಬಸ್ಸು, ಅಂಬಮ್ಮನಿಗೆ ಏನು ಹೇಳುವುದು, ಆಗಲಿಲ್ಲ ಅನ್ನುವುದೋ, ಮಾಡಲಿಲ್ಲ ಅನ್ನುವುದೋ, ಗಾಳೆಪ್ಪನಿಗೆ ಹೇಳಲೇಬಾರದು, ಹೇಳಿದರೆ ಓಡಿ ಬಂದು ತಾನೇ ಹೆಸರು ಬರೆಸುತ್ತಾನೆ ಆ ಹುಚ್ಚ, ಕಲ್ಲಿಗೆ ಸುಣ್ಣ ಬಳಿದಿರುತ್ತಾರೆ, ದೂರಕ್ಕೆ ಕಾಣಲಿ ಅಂತ, ನಾಟಿಯಾಗಿ ಮೂರೇ ದಿನ, ಸಸಿ ಇನ್ನೂ ಬೇರು ಹಿಡಿದಿಲ್ಲ, ಬಸ್ಸು ಮೂರಕ್ಕೆ, ಎತ್ತುಗಳನ್ನು ಇನ್ನು ಯಾರ ಹೊಲಕ್ಕೆ ಹೂಡುವುದು, ಇವತ್ತು ನೀರಿನ ದಿನ, ಏನೂ ತಿಳಿಯದೆ ಗಾಳೆಪ್ಪ ನೀರು ಬಿಟ್ಟೇ ಇರುತ್ತಾನೆ, ಸಸಿಗಳ ನಡುವೆ ಬಿಳಿ ಕಲ್ಲು, ಅಂಬಮ್ಮನಿಗೆ — ಬಿಳಿ ಕಲ್ಲು, ಅದರ ಬುಡಕ್ಕೆ ನೀರು, ಸುಣ್ಣ ಕರಗಿ ಬೆಳ್ಳಗಾದ ನೀರು, ಬಿಳಿ ಕಲ್ಲು —