ಮೊದಲು ಕಂಡವನು

ಬಹುಮಾನದ ಕಪ್ ಕೊಟ್ಟು, ಚಪ್ಪಾಳೆ ತಟ್ಟಿ, ಫೋಟೋ ತೆಗೆಸಿಕೊಂಡು, ಕುರ್ಚಿಗಳನ್ನು ಮಡಚಿ ವ್ಯಾನಿಗೆ ತುಂಬುತ್ತಿದ್ದಾಗ, ನರಿ ಇನ್ನೂ ಬಂದಿಲ್ಲವೆಂಬುದು ಯಾರಿಗೋ ನೆನಪಾಯಿತು.

ಮೇಜಿನ ಮೇಲೆ ಉಳಿದಿದ್ದ ರೇಡಿಯೋ ಇನ್ನೂ ಪೀ ಪೀ ಎನ್ನುತ್ತಿತ್ತು. ನರಿಯ ಪೆಟ್ಟಿಗೆ ತಾನಾಗಿಯೇ ಕಳಿಸುತ್ತಿದ್ದ ಸದ್ದು ಅದು. ಬ್ಯಾಟರಿ ಮುಗಿಯುವವರೆಗೂ ಬರುತ್ತಲೇ ಇರುತ್ತದೆ.

“ಆಟ ಮುಗೀತು ಅಂತ ಅವನಿಗೆ ಯಾರಾದ್ರೂ ಹೇಳಿದ್ರೇನ್ರೀ?” ಎಂದು ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಕೇಳಿದರು.

“ನೀವು ಹೇಳಿರ್ತೀರಿ ಅಂದ್ಕೊಂಡೆ.”

“ನಾನು ಮುಖ್ಯ ಅತಿಥಿಗಳ ಜೊತೆ ಇದ್ನಲ್ಲಯ್ಯ.”

“ಹೋದ ವರ್ಷಾನೂ ಮರ್ತಿದ್ವಿ ಬಿಡಿ ಸಾರ್. ಕತ್ತಲಾದ ಮೇಲೆ ತಾನೇ ಎದ್ದು ಬಂದ. ನರಿ ಅಲ್ವಾ, ದಾರಿ ಗೊತ್ತಿರತ್ತೆ.”

ಎಲ್ಲರೂ ನಕ್ಕರು. ಒಬ್ಬ ಆ ಸದ್ದಿನಿಂದ ತಲೆನೋವು ಬರುತ್ತದೆಂದು ರೇಡಿಯೋ ಆರಿಸಿದ.

ಹವ್ಯಾಸಿ ರೇಡಿಯೋ ಕ್ಲಬ್ಬಿನವರು ವರ್ಷಕ್ಕೊಮ್ಮೆ ಊರಿನ ಜನರ ಮುಂದೆ ಆಡಿ ತೋರಿಸುತ್ತಿದ್ದ ಆಟಕ್ಕೆ ನರಿಬೇಟೆ ಎಂದು ಹೆಸರು. ಸದ್ದು ಕಳಿಸುವ ಪೆಟ್ಟಿಗೆಯೊಡನೆ ಒಬ್ಬ ಎಲ್ಲೋ ಅಡಗಿ ಕೂರುತ್ತಾನೆ, ಅವನೇ ನರಿ. ಉಳಿದವರು ಕೈಯಲ್ಲಿ ಆಂಟೆನಾ ಹಿಡಿದು, ಸದ್ದು ಯಾವ ಕಡೆಯಿಂದ ಜೋರಾಗಿ ಬರುತ್ತದೆಂದು ನೋಡಿಕೊಂಡು ಅವನನ್ನು ಹುಡುಕುತ್ತಾರೆ. ಕಂಡವನು ತನ್ನ ಚೀಟಿಗೆ ನರಿಯ ಮುದ್ರೆ ಒತ್ತಿಸಿಕೊಂಡು, ತುಟಿ ಬಿಚ್ಚದೆ ಹಿಂದಿರುಗಬೇಕು. ಮಾತಾಡಿದರೆ ಹಿಂದೆ ಬರುವವರಿಗೆ ಜಾಗ ಗೊತ್ತಾಗಿಬಿಡುತ್ತದೆ. ಮಾತಾಡಿದವನನ್ನು ಆಟದಿಂದ ಹೊರಗಿಡುತ್ತಾರೆ. ಮೊದಲ ಇಬ್ಬರು ಹಿಂದಿರುಗಿದರೆ ಆಟ ಮುಗಿದ ಹಾಗೆ. ಆ ನಿಯಮವನ್ನು ಮಾಡಿದವರು ಡಾಕ್ಟರು. ಬಹಳ ವರ್ಷಗಳಿಂದ ನರಿಯಾಗಿದ್ದವನು ಒಬ್ಬನೇ, ಹೊಲಿಗೆ ಮೆಷಿನ್ ರಿಪೇರಿಯವನು.

ವ್ಯಾನು ಹೊರಡುವ ಮೊದಲು ಇಬ್ಬರು, ಪೆಟ್ಟಿಗೆ ಕ್ಲಬ್ಬಿನದಲ್ಲವೇ ಎಂದುಕೊಂಡು, ಗುಡ್ಡದ ಹಿಂದಿನ ಹಳೆಯ ಪಂಪ್‌ಹೌಸಿನ ಕಡೆಗೆ ಹತ್ತಿದರು. ಸ್ವಲ್ಪ ಹೊತ್ತಿಗೆ ಒಬ್ಬನು ಮಾತ್ರ ಓಡುತ್ತ ಇಳಿದು ಬಂದ.

*

ಮರುದಿನ ಬೆಳಿಗ್ಗೆ ಹೊಲಿಗೆ ಮೆಷಿನ್ನಿನವನ ಅಕ್ಕ ತಮ್ಮನ ಬೆರಳುಗಳನ್ನು ಉಜ್ಜುತ್ತಿದ್ದಳು.

ಮೈಯೆಲ್ಲ ಒರೆಸಿ ಆಗಿತ್ತು. ಗಡ್ಡ ತೆಗೆದಾಗಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ತೊಡಿಸಿಯೂ ಆಗಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಜೀವಮಾನವೆಲ್ಲ ಇಸ್ತ್ರಿ ಮಾಡಿದ ಕೈ ಅವಳದು, ಒಂದು ಸುಕ್ಕಿರಲಿಲ್ಲ. ಆದರೆ ಬಲಗೈಯ ಹೆಬ್ಬೆರಳು, ತೋರುಬೆರಳುಗಳಿಗೆ ಅಂಟಿದ್ದ ನೇರಳೆ ಶಾಯಿ ಸೋಪಿಗೂ ಹೋಗಲಿಲ್ಲ, ಸೀಮೆಎಣ್ಣೆಗೂ ಹೋಗಲಿಲ್ಲ.

“ಬಿಡು ಅಕ್ಕಾ, ಚರ್ಮ ಸುಲೀತದೆ,” ಎಂದಳು ಪಕ್ಕದ ಮನೆಯ ಬೇಕರಿಯವನ ಹೆಂಡತಿ. “ಎಂಥ ಬಣ್ಣ ಇದು? ಮೆಷಿನ್ ಎಣ್ಣೆ ಅಲ್ವಲ್ಲ.”

“ಮುದ್ರೆಯ ಶಾಯಿ. ಆಟಕ್ಕೆ ಹೋದಾಗೆಲ್ಲ ಹೀಗೇ ಬರ್ತಿದ್ದ.”

ಹೇಳಿದವಳು ಅಲ್ಲಿಗೇ ನಿಂತಳು. ಹಿಂದಿನ ರಾತ್ರಿ ಆಸ್ಪತ್ರೆಯವರು, ಎದೆನೋವು ಬಂದ ಕೂಡಲೇ ಹೋದ ಜೀವವಲ್ಲ, ಬಹಳ ಹೊತ್ತು ಇತ್ತು ಎಂದಿದ್ದರು. ಹಲ್ಲಿನ ಡಾಕ್ಟರು ಫೋನಿನಲ್ಲಿ, ನಾವು ಹೋಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದಿದ್ದರು. ಈ ಎರಡು ಮಾತುಗಳ ನಡುವೆ ಅವಳಿಗೆ ನಿದ್ದೆ ಬಂದಿರಲಿಲ್ಲ. ಅಷ್ಟು ಹೊತ್ತು ಅವನು ಒಬ್ಬನೇ ಬಿದ್ದಿದ್ದನೇ? ಇದೊಂದನ್ನು ತಿಳಿಸಿಬಿಡು ದೇವರೇ ಎಂದು ಬೆಳಗಿನವರೆಗೆ ಬೇಡಿದ್ದಳು.

“ಯಾರೋ ಬಂದಿದ್ರು ಕಣೇ,” ಎಂದಳು ಈಗ. ಅವಳ ಮುಖ ಅರಳಿತು. “ಶಾಯಿ ಆಗಿದೆ ಅಂದ್ರೆ ಮುದ್ರೆ ಒತ್ತಿದಾನೆ. ಒತ್ತಿದಾನೆ ಅಂದ್ರೆ ಯಾರೋ ಎದುರಿಗೆ ನಿಂತಿದ್ರು. ಅವನು ಒಬ್ಬನೇ ಇರ್ಲಿಲ್ಲ.”

ಬೇಕರಿಯವನ ಹೆಂಡತಿ ಏನೋ ಹೇಳಲು ಹೋಗಿ, ಬೇಸಿನ್ನಿನ ನೀರು ಚೆಲ್ಲಲು ಎದ್ದಳು.

*

ಬಹಳ ವರ್ಷಗಳ ಹಿಂದೆ, ಕ್ಲಬ್ಬಿನ ವಾರ್ಷಿಕ ಊಟದ ದಿನ ಅದು. ಹೊಲಿಗೆ ಮೆಷಿನ್ನಿನವನು ಸೇರಿ ಆಗ ಕೆಲವೇ ತಿಂಗಳಾಗಿತ್ತು. ಹುಟ್ಟಿನಿಂದ ತೊದಲು ಅವನಿಗೆ. ಒಂದು ಮಾತಿನ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡರೆ ಕಣ್ಣು ಮೇಲಾಗಿ, ಕತ್ತಿನ ನರ ಉಬ್ಬಿ, ಎದುರಿನವರು ಮುಖ ತಿರುಗಿಸುವಂತಾಗುತ್ತಿತ್ತು. ಆದರೆ ಕುಟ್ಟಿ ಕುಟ್ಟಿ ಸಂದೇಶ ಕಳಿಸುವ ಮೋರ್ಸ್ ಕೀ ಮೇಲೆ ಬೆರಳಿಟ್ಟರೆ ಅವನಷ್ಟು ಸರಾಗವಾಗಿ ಮಾತಾಡುವವರು ಕ್ಲಬ್ಬಿನಲ್ಲಿ ಇರಲಿಲ್ಲ. ಟಕಟಕನೆ ದೂರದೂರದವರೊಡನೆ ಹವೆಯ ವಿಷಯ, ಮೆಷಿನ್ನುಗಳ ವಿಷಯ, ಅಕ್ಕನ ಮಂಡಿನೋವಿನ ವಿಷಯ ಹೇಳಿಕೊಳ್ಳುತ್ತಿದ್ದ.

ಊಟವಾದ ಮೇಲೆ ಡ್ರೈವಿಂಗ್ ಸ್ಕೂಲ್ ನಡೆಸುವ ಸದಸ್ಯನೊಬ್ಬ ರೇಡಿಯೋದ ಮೈಕನ್ನು ಅವನ ಕೈಗಿತ್ತ. “ಬರೀ ಕುಟ್ತಾ ಇದ್ರೆ ಹೇಗಣ್ಣ? ಇವತ್ತು ಬಾಯಲ್ಲಿ ಕರೀರಿ. ಹೆಸರು, ಊರು ಹೇಳಿದ್ರೆ ಸಾಕು.”

ಅವನು ಕರೆದ. ಹೆಸರಿನ ಮೊದಲ ಅಕ್ಷರ ಹೊರಟಿತು, ಮತ್ತೆ ಹೊರಟಿತು, ಮತ್ತೆ ಮತ್ತೆ ಅದೇ ಹೊರಟಿತು. ಯಾರೋ ಚಮಚದಿಂದ ತಟ್ಟೆಯ ಮೇಲೆ ಅದಕ್ಕೆ ತಾಳ ಹಾಕಿದರು. ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಡಾಕ್ಟರು ಕಣ್ಣೊರೆಸಿಕೊಳ್ಳುತ್ತ, “ಸಾಕು ಬಿಡ್ರಯ್ಯ, ಪಾಪ. ಇವರಿಗೆ ಮಾತೇ ಬೇಡದ ಕೆಲಸ ಕೊಡೋಣ,” ಎಂದರು. ಅಂದಿನಿಂದ ಅವನು ನರಿಯಾದ.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಅಕ್ಕನನ್ನು ಕೂಗಿದ. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಕಾದಳು. ಅವನ ಮಾತಿಗೆ ಕಾಯುವುದು ಅವಳಿಗೆ ಕಷ್ಟವೆನಿಸಿರಲಿಲ್ಲ; ಹಾಲು ಕಾಯುವುದನ್ನು ನೋಡುತ್ತ ನಿಲ್ಲುವ ಹಾಗೆ ನಿಲ್ಲುತ್ತಿದ್ದಳು.

“ನ... ನ... ನನಗೆ ಕೆಲಸ ಕೊಟ್ರು ಅಕ್ಕಾ. ನಾ... ನಾನಿಲ್ದಿದ್ರೆ ಆ... ಆ... ಆಟಾನೇ ಇಲ್ವಂತೆ.”

ಚಮಚದ ವಿಷಯವನ್ನು ಅವನು ಹೇಳಲಿಲ್ಲ. ಅದು ಅವಳಿಗೆ ಬೇರೆಯವರಿಂದ ತಿಳಿಯಿತು. ತಿಳಿದರೂ, ಆಟದ ದಿನ ಬಂದಾಗಲೆಲ್ಲ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟು ಕಳಿಸುತ್ತಿದ್ದಳು.

*

ಕ್ಲಬ್ಬಿನವರು ಒಟ್ಟಾಗಿ ಬಂದರು. ಗೇಟಿನ ಹೊರಗೆ ಶ್ರದ್ಧಾಂಜಲಿಯ ಬ್ಯಾನರ್ ಬಿಚ್ಚಿ, ಎಲ್ಲಿ ಕಟ್ಟುವುದೆಂದು ನೋಡುತ್ತ ನಿಂತರು.

“ಇನ್ಮೇಲೆ ನರಿ ಯಾರ್ರೀ ಆಗ್ತಾರೆ? ಅಷ್ಟು ಹೊತ್ತು ಬಾಯ್ಮುಚ್ಕೊಂಡು ಕೂರೋರು ನಮ್ಮಲ್ಲಿ ಯಾರಿದಾರೆ?”

“ಡಾಕ್ಟ್ರನ್ನೇ ಕೂರ್ಸಿ. ಆಂಟೆನಾನೇ ಬೇಡ, ಗೊರಕೆ ಕೇಳ್ಕೊಂಡು ಹೋದ್ರೆ ಸಿಗ್ತಾರೆ.”

“ಮೆಲ್ಲಗೆ ಮಾತಾಡ್ರೋ, ಸಾವಿನ ಮನೆ.”

ಬೇಕರಿಯವನ ಹೆಂಡತಿ ಖಾಲಿ ಬೇಸಿನ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಬದುಕಿದ್ದಾಗ ಕೂರಕ್ಕೆ ಒಂದು ಕುರ್ಚಿ ಕೊಡ್ಲಿಲ್ಲ, ಈಗ ಬ್ಯಾನರ್ ತಂದಿದಾರೆ. ಕಟ್ಟಿ, ಕಟ್ಟಿ. ನಮ್ಮ ಬಟ್ಟೆ ಒಣಗಾಕೋ ಹಗ್ಗ ಇದೆ ನೋಡಿ ಅಲ್ಲಿ.”

ಡಾಕ್ಟರು ಒಳಗೆ ಬಂದು ಅಕ್ಕನ ಎದುರು ಕೈ ಮುಗಿದರು. “ಅಮ್ಮಾ, ನಮ್ಮ ರೇಡಿಯೋದವರಲ್ಲಿ ಸತ್ತರು ಅನ್ನೋದಿಲ್ಲ. ಕೀ ಮೌನವಾಯ್ತು ಅಂತೀವಿ.”

“ನಮ್ಮಲ್ಲಿ ಸತ್ತ ಅಂತಾನೇ ಅಂತೀವಿ ಡಾಕ್ಟ್ರೇ. ಕೂತ್ಕೊಳ್ಳಿ.” ಅಕ್ಕ ಎಲ್ಲರ ಮುಖವನ್ನೂ ನೋಡಿದಳು. “ನಿಮ್ಮಲ್ಲಿ ಒಬ್ಬರು ನಿನ್ನೆ ಇವನ ಹತ್ರ ಹೋಗಿದ್ರಿ. ಯಾರು ಅಂತ ಹೇಳಿ. ಬೈಯೋದಕ್ಕಲ್ಲ. ಅವನು ಒಬ್ಬನೇ ಇದ್ದ ಅಂದ್ಕೊಂಡು ರಾತ್ರಿಯೆಲ್ಲ ಒದ್ದಾಡಿದೀನಿ. ಯಾರೋ ಇದ್ರು ಅಂತ ಗೊತ್ತಾದ್ರೆ ನನಗೆ ಅಷ್ಟೇ ಸಾಕು.”

ಡಾಕ್ಟರು ಕೆಮ್ಮಿದರು. “ಅಮ್ಮಾ, ಈಗ ಅದೆಲ್ಲ ಯಾಕೆ? ನಾವು ಹೋದಾಗಲೇ...”

“ನಾನು ಹೋಗಿದ್ದೆ,” ಎಂದಳು ಭೂಗೋಳದ ಟೀಚರಮ್ಮ. ಹಿಂದಿನ ದಿನ ಆಟದಲ್ಲಿ ಎರಡನೆಯವಳಾಗಿ ಬಂದವಳು ಅವಳು. “ಗೋಡೆಗೆ ಒರಗಿ ಕೂತಿದ್ರು. ಕಣ್ಣು ಮುಚ್ಚಿತ್ತು. ನಿದ್ದೆ ಬಂದಿದೆ ಅಂದ್ಕೊಂಡೆ. ಎಬ್ಬಿಸಿದ್ರೆ ಮಾತಾಡ್ದ ಹಾಗಾಗತ್ತೆ ಅಂತ... ಕೈಯಿಂದ ಮುದ್ರೆ ಬಿಡಿಸ್ಕೊಂಡು ನಾನೇ ಒತ್ಕೊಂಡೆ. ಬಿಗಿಯಾಗಿ ಹಿಡಿದಿದ್ರು.”

“ತಣ್ಣಗಿತ್ತಾ ಕೈ?”

“ನೆನಪಿಲ್ಲ. ಅವಸರದಲ್ಲಿದ್ದೆ.” ಟೀಚರಮ್ಮ ಅಳತೊಡಗಿದಳು. “ಒಂದು ನಿಮಿಷ ಮುಂಚೆ ಬಂದಿದ್ರೆ ನಾನೇ ಮೊದಲು ಅಂತ ಹೊಟ್ಟೆ ಉರೀತಿತ್ತು ನನಗೆ. ಅದನ್ನೇ ಯೋಚಿಸ್ತಿದ್ದೆ.”

“ಹಾಗಾದ್ರೆ ಅವನ ಕೈಯಿಂದ್ಲೇ ಒತ್ತಿಸ್ಕೊಂಡವರು ನಿಮಗಿಂತ ಮುಂಚೆ ಬಂದೋರು.”

ಯಾರೂ ತಿರುಗಿ ನೋಡಲಿಲ್ಲ. ನೋಡದಿರುವುದರಿಂದಲೇ ಅಕ್ಕನಿಗೆ ತಿಳಿಯಿತು. ಡ್ರೈವಿಂಗ್ ಸ್ಕೂಲಿನವನು ಕಿಟಕಿಯ ಬಳಿ ಬೆವರುತ್ತ ನಿಂತಿದ್ದ. ಅಕ್ಕ ಎದ್ದು ಹೋಗಿ ಅವನ ಎರಡೂ ಕೈಗಳನ್ನು ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು.

“ನಿನಗೆ ಪುಣ್ಯ ಬರ್ಲಿ ಕಣಪ್ಪ. ಕೊನೇಲಿ ಅವನ ಕಣ್ಣಿಗೆ ಬಿದ್ದ ಮನುಷ್ಯ ನೀನು. ನಿನ್ನ ಹೆಂಡತಿ ಮಕ್ಕಳು ತಣ್ಣಗಿರ್ಲಿ.”

“ಬೇಡಿ ಅಮ್ಮಾ,” ಎಂದ ಅವನು, ಕೈ ಬಿಡಿಸಿಕೊಳ್ಳಲು ನೋಡುತ್ತ.

“ಎಚ್ಚರ ಇತ್ತಲ್ಲ ಅವನಿಗೆ? ಏನಾದ್ರೂ ಹೇಳಿದ್ನಾ?”

“ಕೈ ಬಿಡಿ ಅಮ್ಮಾ.”

“ಹೇಳಪ್ಪ. ಏನಿದ್ರೂ ಹೇಳು.”

“ಎದೆ ಹಿಡ್ಕೊಂಡಿದ್ರು,” ಎಂದು ಅವನು ಒಮ್ಮೆಲೇ ಹೇಳಿಬಿಟ್ಟ. “ನನ್ನ ನೋಡಿ ಕೈ ಚಾಚಿದ್ರು. ಮಾತಾಡಕ್ಕೆ ಹೋದ್ರು. ಬರೀ ಮೊದಲ ಅಕ್ಷರಾನೇ, ಮೇಲಿಂದ ಮೇಲೆ. ಅವರು ಯಾವಾಗ್ಲೂ ಹಾಗೇ ಅಲ್ವಾ ಅಮ್ಮಾ? ಕಣ್ಣು ಮೇಲಾಗೋದು, ಬೆವರೋದು, ಎಲ್ಲಾ ಯಾವಾಗ್ಲೂ ಇದ್ದದ್ದೇ ಅಲ್ವಾ? ನನಗೆ ಹೇಗೆ ಗೊತ್ತಾಗ್ಬೇಕು?”

“ನೀನು ಏನು ಮಾಡ್ದೆ?”

ಅಕ್ಕ ಕಾದಳು. ಕೋಣೆಯಲ್ಲಿದ್ದವರೆಲ್ಲ ನೆಲ ನೋಡುತ್ತಿದ್ದರು.

“ಶ್ ಅಂದೆ,” ಎಂದ ಅವನು ಕೊನೆಗೆ. “ತುಟಿ ಮೇಲೆ ಬೆರಳಿಟ್ಟು ಶ್ ಅಂದೆ. ಹಿಂದೆ ಟೀಚರಮ್ಮನ ಆಂಟೆನಾ ಪೊದೆ ಮೇಲೆ ಕಾಣ್ತಿತ್ತು. ಸದ್ದು ಕೇಳಿದ್ರೆ ಅವರಿಗೆ ಗೊತ್ತಾಗತ್ತೆ ಅಂತ. ಆಮೇಲೆ ಚೀಟಿ ಮುಂದಿಟ್ಟೆ.”

“ಅವನು?”

“ಸುಮ್ಮನಾದ್ರು. ತಲೆ ಆಡಿಸಿದ್ರು. ಮುದ್ರೆ ಒತ್ತಿ ಕೊಟ್ರು.”

ಬೇಕರಿಯವನ ಹೆಂಡತಿ ಥೂ ಎಂದಳು.

“ನಿಯಮದ ಪ್ರಕಾರ ನೋಡಿದ್ರೆ ಇವನ ತಪ್ಪೇನಿಲ್ಲಮ್ಮ,” ಎಂದರು ಡಾಕ್ಟರು. “ನಮ್ಮಲ್ಲಿ ಒಂದು ಶಿಸ್ತು ಅಂತ ಇದೆ. ಯಾರಿಗೇ ಆಗ್ಲಿ...”

“ಶಿಸ್ತು ಪಾಲಿಸಿದವನು ನನ್ನ ತಮ್ಮ ಡಾಕ್ಟ್ರೇ. ಶ್ ಅಂದ್ರೆ ಸುಮ್ಮನಾದ.” ಅಕ್ಕ ಅವನ ಕೈಗಳನ್ನು ಬಿಟ್ಟಳು. ತನ್ನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಸ್ವಲ್ಪ ನಿಂತಿದ್ರೆ ಬರ್ತಿತ್ತು ಕಣೋ ಮಾತು. ಇಷ್ಟು ವರ್ಷದಲ್ಲಿ ಒಂದು ದಿನಾನೂ ಬರದೆ ಇದ್ದಿಲ್ಲ. ದಿನಾ ಅಷ್ಟು ಜನಕ್ಕೆ ನಿಧಾನ, ನಿಧಾನ ಅಂತ ಕಾರು ಕಲಿಸ್ತೀಯಲ್ಲ ನೀನು.”

ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಂಡ.

“ಕಪ್ ಎಲ್ಲಿಟ್ಟಿದೀಯ?”

“ಅಮ್ಮಾ...”

“ಕೇಳ್ದೆ ಅಷ್ಟೇ. ಎಲ್ಲಿಟ್ಟಿದೀಯ?”

“ಮನೇಲಿ. ಟಿ.ವಿ. ಮೇಲೆ,” ಎಂದ ಅವನು. “ನಿನ್ನೆ ಹೆಂಡತಿ ಇಟ್ಟಳು. ಅವಳಿಗೆ ಗೊತ್ತಿಲ್ಲ.”

*

ಶವಪೆಟ್ಟಿಗೆ ಎತ್ತಲು ಆರು ಜನ ಬೇಕಾಗಿತ್ತು. ಬೇಕರಿಯವನು, ಅವನ ಅಂಗಡಿಯ ಇಬ್ಬರು, ಬಟ್ಟೆ ಹೊಲಿಯುವ ಅಂಗಡಿಯಿಂದ ಬಂದ ಇಬ್ಬರು ನಿಂತಿದ್ದರು. ಒಬ್ಬ ಕಡಿಮೆಯಾದ. ಡ್ರೈವಿಂಗ್ ಸ್ಕೂಲಿನವನು ಯಾರೂ ಕರೆಯದೆ ಮುಂದೆ ಬಂದು ಹಿಡಿಕೆಗೆ ಕೈ ಹಾಕಿದ. ಅವನ ಕಣ್ಣು ಕೆಂಪಾಗಿತ್ತು.

“ನೀನು ಮುಂದೆ ಹೋಗಿ ನಿಂತಿರಪ್ಪ,” ಎಂದಳು ಅಕ್ಕ, ಎಲ್ಲರಿಗೂ ಕೇಳಿಸುವಂತೆ. “ಮೊದಲು ತಲುಪಿ ಅಭ್ಯಾಸ ನಿನಗೆ.”

ಅವನು ಕೈ ತೆಗೆದ. ಗೇಟಿನ ಬಳಿ ನಿಂತವರಲ್ಲಿ ಒಬ್ಬಿಬ್ಬರಿಗೆ ನಗು ಬಂತು, ತಡೆದುಕೊಂಡರು. ಅವರು ಅವನದೇ ಕ್ಲಬ್ಬಿನವರು. ಆರನೆಯ ಹಿಡಿಕೆಯನ್ನು ಬೇಕರಿಯವನ ಹೆಂಡತಿ ಹಿಡಿದಳು.

ಸ್ಮಶಾನದಲ್ಲಿ ಡಾಕ್ಟರು ಜೇಬಿನಿಂದ ಭಾಷಣ ತೆಗೆದರು. ಮುಂದಿನ ವರ್ಷದಿಂದ ಬಹುಮಾನಕ್ಕೆ ದಿವಂಗತರ ಹೆಸರಿಡುವುದಾಗಿ ಅದರಲ್ಲಿತ್ತು. ಅಕ್ಕ ಅಂಗೈ ಎತ್ತಿ ಅವರನ್ನು ತಡೆದು, ತೋಡಿದ ಮಣ್ಣಿನ ಅಂಚಿಗೆ ಬಂದಳು. ಅವಳ ಮಂಡಿ ಬಾಗುತ್ತಿರಲಿಲ್ಲ. ಬೇಕರಿಯವನ ಹೆಂಡತಿಯ ಹೆಗಲು ಹಿಡಿದು ಕಷ್ಟಪಟ್ಟು ಕುಳಿತಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಕ್ಲಬ್ಬಿನವರು ಕಾಲು ಬದಲಿಸಿದರು, ಗಡಿಯಾರ ನೋಡಿಕೊಂಡರು. ಗುದ್ದಲಿಯವನು ಒಮ್ಮೆ ಗಂಟಲು ಸರಿಮಾಡಿಕೊಂಡ. ಅವಳು ಏಳಲಿಲ್ಲ.

“ದೇವರೇ,” ಎಂದಳು ಕೊನೆಗೆ. “ನನ್ನ ತಮ್ಮ ನಿನ್ನ ಹತ್ರ ಬರ್ತಿದಾನೆ. ಅವನು ಬಾಯಿ ತೆರೆದ್ರೆ ತಡವಾಗ್ತದೆ. ನಿನಗೆ ಗೊತ್ತಿಲ್ದೆ ಇದ್ಯಾ, ನೀನೇ ಕೊಟ್ಟ ನಾಲಿಗೆ. ನಿನಗೆ ಎಷ್ಟೇ ಕೆಲಸ ಇರ್ಲಿ, ಅವನ ಮಾತು ಮುಗಿಯೋ ತನಕ ಎದ್ದು ಹೋಗ್ಬೇಡ. ಇಲ್ಲಿ ನಿಂತಿರೋ ಇವರನ್ನ ಕ್ಷಮಿಸು ಅಂತ ಇವತ್ತು ನನ್ನ ಬಾಯಲ್ಲಿ ಹೇಳಿಸ್ಬೇಡ, ಅದಕ್ಕೆ ನನಗೆ ಶಕ್ತಿ ಇಲ್ಲ. ಅವನಿಗೊಬ್ಬನಿಗೆ ಕೇಳ್ತೀನಿ. ಅವನ ಜೀವಕ್ಕೆ ಶಾಂತಿ ಕೊಡು.”