ಚೆಂಡಿಲ್ಲದ ಮನೆ

ಕತ್ತರಿಯಣ್ಣನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಇಡೀ ಬೀದಿಗೆ ಗೊತ್ತಿತ್ತು. ಅವನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವರಿಗೆ ಅರ್ಧ ತಲೆ ಮುಗಿಯುವುದರೊಳಗೆ ಅವನ ಮಗಳ ಅಷ್ಟೂ ಗೋಲುಗಳ ಕಥೆ ಬಾಯಿಪಾಠವಾಗುತ್ತಿತ್ತು. ಕನ್ನಡಿಯ ಮೇಲೆಲ್ಲ ಅವಳದೇ ಫೋಟೋ. ಗಿರಾಕಿಗೆ ತನ್ನ ಮುಖ ಕಾಣಬೇಕಾದರೆ ಕತ್ತು ಓರೆ ಮಾಡಬೇಕಿತ್ತು.

ಹದಿನಾರರ ಆ ಹುಡುಗಿಯನ್ನು ಎಲ್ಲರೂ ಕರೆಯುತ್ತಿದ್ದುದು ಗಾಳಿ ಎಂದೇ. ಈಗ ಪರದೇಶದ ಕ್ಲಬ್ಬೊಂದು ಗಾಳಿಯನ್ನು ಕರೆದಿತ್ತು. ಆದರೆ ಹದಿನೆಂಟು ತುಂಬದವರು ಫುಟ್‌ಬಾಲಿಗೆಂದು ದೇಶ ಬಿಟ್ಟು ಹೋಗುವಂತಿರಲಿಲ್ಲ.

"ಮಕ್ಕಳನ್ನ ಆಸೆ ತೋರಿಸಿ ಕರ್ಕೊಂಡು ಹೋಗ್ತಾರೆ, ಕಾಲು ನೋವಾದ್ರೆ ಬೀದೀಲಿ ಬಿಟ್ಟು ಬರ್ತಾರೆ. ಅದಕ್ಕೇ ಈ ನಿಯಮ," ಎಂದು ಅವಳ ಕೋಚ್ ಬಿಡಿಸಿ ಹೇಳಿದ್ದ. "ಅಪ್ಪ ಅಮ್ಮ ತಮ್ಮ ಕೆಲಸಕ್ಕೇ ಅಂತ ಹೋದ್ರೆ ಮಗಳೂ ಜೊತೆಗೆ ಹೋಗಿ ಆಡಬಹುದು. ಆದ್ರೆ ಅವರು ಹೋಗೋದಕ್ಕೂ ಚೆಂಡಿಗೂ ಸಂಬಂಧ ಇರಬಾರದು, ಅಷ್ಟೇ."

ಕತ್ತರಿಯಣ್ಣನ ಹೆಂಡತಿ ಮನೆಯಲ್ಲೇ ಹೊಲಿಗೆ ಹಾಕುವವಳು. ಅದೇ ಪರದೇಶದ ಊರಿನಲ್ಲಿ, ನಾಟಕಶಾಲೆಗಳ ಪರದೆ ಹೊಲಿಯುವ ಕಡೆ, ಅವಳ ಹಳೆಯ ಗೆಳತಿಯೊಬ್ಬಳಿದ್ದಳು. ಗಾಳಿಯ ಆಟದ ವೀಡಿಯೊವನ್ನು ಕ್ಲಬ್ಬಿಗೆ ತೋರಿಸಿದವಳೂ ಆಕೆಯೇ. ಈಗ ಹೆಂಡತಿಗೂ ಅಲ್ಲಿ ಕೆಲಸ ಸಿಕ್ಕಿತ್ತು. 'ಮಗಳಿಗೋಸ್ಕರ ಎಂಥಾ ಉಪಾಯ ಹೂಡಿದಳು!' ಎಂದು ಕತ್ತರಿಯಣ್ಣ ಒಳಗೊಳಗೇ ಬೀಗಿದ.

ಆಟದ ಮಂಡಳಿಯಿಂದ ವಿಚಾರಣೆಗೆ ಮೇಡಂ ಒಬ್ಬರು ಮನೆಗೇ ಬರುತ್ತಾರೆಂದು ತಿಳಿದ ದಿನ ಅವನು ಸೊಂಟ ಕಟ್ಟಿ ನಿಂತ. ಚೆಂಡಿಗೂ ನಮಗೂ ಸಂಬಂಧವಿಲ್ಲ ಅಂದಮೇಲೆ ಮನೆಯಲ್ಲಿ ಚೆಂಡೇಕೆ? ಮಗಳು ಗೆದ್ದ ಕಪ್ಪುಗಳು ಅಟ್ಟ ಸೇರಿದವು. ಗೋಡೆಯ ಫೋಟೋಗಳು ಕೆಳಗಿಳಿದವು. ಚೆಂಡು, ಒಗೆಯಲು ನೆನೆಹಾಕಿದ ಹೊದಿಕೆಗಳ ಟಬ್ಬಿನ ತಳ ಸೇರಿತು.

"ಏನ್ರೀ ಇದು, ಕಳ್ಳಮಾಲು ಬಚ್ಚಿಟ್ಟ ಹಾಗೆ?" ಎಂದಳು ಹೆಂಡತಿ.

"ನಿನಗೆ ತಿಳಿಯಲ್ಲ, ಸುಮ್ನಿರೇ. ಕೇಳಿದ್ರೆ 'ಹೌದು, ಹೋಗ್ತೀನಿ' ಅನ್ನು. ಅಷ್ಟು ಸಾಕು."

ಮೇಡಂ ಬಂದು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತರು. ಗೋಡೆಯ ಮೇಲೆ ಫೋಟೋ ತೆಗೆದ ಕಡೆಯಲ್ಲೆಲ್ಲ ಸುಣ್ಣ ಬೆಳ್ಳಗೆ ಚೌಕ ಚೌಕವಾಗಿ ಹೊಳೆಯುತ್ತಿತ್ತು.

"ನಿಮ್ಮ ಮಗಳು ಆಡ್ತಾಳೆ ಅಂತ ಗೊತ್ತಿದ್ದೇ ಬಂದಿದ್ದೀನಿ. ಮನೇಲಿ ಒಂದು ಚೆಂಡೂ ಕಾಣಿಸ್ತಿಲ್ವಲ್ಲ?"

"ಚೆಂಡಾ? ಯಾವ ಚೆಂಡು ಮೇಡಂ?" ಎಂದ ಕತ್ತರಿಯಣ್ಣ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗಾಳಿ ಕಣ್ಣು ಮುಚ್ಚಿಕೊಂಡಳು. ಮೇಡಂ ಹುಬ್ಬು ಗಂಟಿಕ್ಕಿ ಹೆಂಡತಿಯ ಕಡೆ ತಿರುಗಿದರು.

"ಅಮ್ಮಾ, ನೇರವಾಗಿ ಕೇಳ್ತೀನಿ. ಕ್ಲಬ್ಬಿನೋರು ನಾಳೆ ನಿಮ್ಮ ಮಗಳು ಬೇಡ ಅಂದುಬಿಟ್ರೆ, ಆಗಲೂ ನೀವು ಹೋಗ್ತೀರಾ?"

ಎಲ್ಲ ನಿಂತಿದ್ದು ಈ ಒಂದು ಉತ್ತರದ ಮೇಲೆ. ಹೆಂಡತಿ ಮಡಚಿ ಹೊಲಿಯಲು ಬಂದಿದ್ದ ಪ್ಯಾಂಟುಗಳ ರಾಶಿಯನ್ನೇ ನೋಡುತ್ತಿದ್ದಳು.

"ಹೋಗ್ತೀನಿ," ಎಂದಳು ಕೊನೆಗೆ. "ಇವಳು ಬರದೇ ಇದ್ರೂ ಹೋಗ್ತೀನಿ. ಮದುವೆಯಾದಾಗಿಂದ ಬೇರೆಯೋರ ಪ್ಯಾಂಟಿನ ಕಾಲೇ ಮಡಚಿದ್ದಾಯ್ತು ಮೇಡಂ. ಅಲ್ಲಿ ಬಟ್ಟೆ ಕತ್ತರಿಸೋ ಮೇಜು ಈ ಮನೆಗಿಂತ ಉದ್ದ ಇದೆಯಂತೆ. ಒಂದೊಂದು ಪರದೇನ ಆರು ಜನ ಹಿಡ್ಕೊಂಡು ಹೊಲೀತಾರಂತೆ. ನಾನು ಕೆಲಸ ಕೇಳಿದಾಗ ಈ ಕ್ಲಬ್ಬಿನ ಸುದ್ದಿನೇ ಇರಲಿಲ್ಲ. ಬೇಕಾದ್ರೆ ನನ್ನ ಗೆಳತೀನ ಕೇಳಿ."

ಇದು ಹೇಳಿಕೊಟ್ಟ ಮಾತಾಗಿರಲಿಲ್ಲ. ಕತ್ತರಿಯಣ್ಣ ಬಾಯಿ ತೆರೆದವನು ಮುಚ್ಚುವುದನ್ನೇ ಮರೆತ.

"ಅಮ್ಮಾ! ನನ್ನ ಬಿಟ್ಟು ಹೋಗ್ತಿದ್ಯಾ?" ಎಂದಳು ಗಾಳಿ.

"ಯಾಕೆ, ಕ್ಲಬ್ಬಿನೋರು ಕರೆದ ದಿನ ನೀನು ನನ್ನ ಬಿಟ್ಟು ಹೋಗೋಕೆ ಚೀಲ ಕಟ್ಟಿರಲಿಲ್ವಾ?"

"ಅಲ್ವೇ, ನನಗೊಂದು ಮಾತು ಹೇಳಬಾರದಿತ್ತಾ?" ಎಂದ ಕತ್ತರಿಯಣ್ಣ.

"ನೀವು ಮಾತು ನಿಲ್ಲಿಸಿದ್ರೆ ತಾನೇ ನಾನು ಶುರು ಮಾಡೋದು?"

ಮೇಡಂ ನಕ್ಕೇಬಿಟ್ಟರು. "ಇದನ್ನ ಯಾರೂ ಹೇಳಿಕೊಟ್ಟಿಲ್ಲ ಅಂತ ನಿಮ್ಮ ಯಜಮಾನ್ರ ಮುಖ ನೋಡಿದ್ರೇ ಗೊತ್ತಾಗುತ್ತೆ. ಗೆಳತೀನೂ ವಿಚಾರಿಸ್ತೀನಿ, ಕೇಳಿದ್ದನ್ನ ಮಂಡಳಿಗೆ ಹೇಳ್ತೀನಿ." ಬಾಗಿಲಲ್ಲಿ ನಿಂತು ಮತ್ತೆ ತಿರುಗಿದರು. "ಚೆಂಡನ್ನ ಎಲ್ಲಿಟ್ಟಿದ್ದೀರೋ ತೆಗೀರಪ್ಪ. ಹುಡುಗಿ ಅಭ್ಯಾಸ ತಪ್ಪಬಾರದು."

ಟಬ್ಬಿನಿಂದ ಹೊರಬಂದ ಚೆಂಡು ನೀರು ಕುಡಿದು ನಿಜಕ್ಕೂ ಕುಂಬಳಕಾಯಿಯಷ್ಟೇ ಭಾರವಾಗಿತ್ತು.

ಒಂದು ತಿಂಗಳಾದ ಮೇಲೆ ಮಂಡಳಿಯ ಒಪ್ಪಿಗೆ ಬಂತು. ಅಂಗಡಿಯಲ್ಲಿ ಹಳೇ ಗಿರಾಕಿಯೊಬ್ಬ ಕುರ್ಚಿಗೊರಗಿ ಕೆಣಕಿದ: "ಏನಣ್ಣಾ, ಮಗಳ ಹಿಂದೆ ಹೊರಟೆಯಂತೆ?"

"ಮಗಳ ಹಿಂದೆ ಅಲ್ಲ ಕಣಪ್ಪ, ಹೆಂಡತಿ ಹಿಂದೆ," ಎಂದ ಕತ್ತರಿಯಣ್ಣ. ಗಿರಾಕಿಯ ಕೊರಳಿಗೆ ಬಟ್ಟೆ ಸುತ್ತಿ, ತಲೆಯನ್ನು ಮುಂದಕ್ಕೆ ಬಗ್ಗಿಸಿದ. "ನಾಟಕದ ಪರದೆ ಹೊಲಿಯೋದು ಅಂದ್ರೆ ಹುಡುಗಾಟ ಅಂದ್ಕೊಂಡಿದ್ದೀಯಾ? ಅಲ್ಲಾಡಬೇಡ, ಹೇಳ್ತೀನಿ ಕೇಳು."